ಮಲಗಿದಲ್ಲೇ ಸವಾರಿ

ಹಾಸಿಗೆಯ ತುದಿಗೆ ಕೂರಿಸಿದ ಮೋಟಾರು ಅನಾನಿಯಾಸನ ಕಾಲುಗಳಿಂದ ಪೆಡಲು ತುಳಿಸುತ್ತಿತ್ತು. ಇಪ್ಪತ್ತು ದಿನ ಐಸಿಯುವಿನಲ್ಲಿ ಕಣ್ಣು ಬಿಡದೆ ಮಲಗಿದ್ದ ಆ ಹಾಲಿನವನ ಕಾಲುಗಳು ಕಡ್ಡಿಯಾಗಿದ್ದವು. ಇನ್ನು ನಡೆದಾನೆಂದು ಹೇಳಲು ವೈದ್ಯರಿಗೂ ಧೈರ್ಯವಿರಲಿಲ್ಲ.

ಹೆಂಡತಿ ಎದುವೀನಾ ಮಾತ್ರ ಆಸೆ ಬಿಟ್ಟವಳಲ್ಲ. “ಏನ್ರೀ, ಮೂವತ್ತು ವರ್ಷ ಸೈಕಲ್ಲಿಗೆ ಹಾಲಿನ ಕ್ಯಾನ್ ಕಟ್ಕೊಂಡು ಸೊಗಮೋಸೋ ಊರಿನ ಏರು ತುಳಿದೋರು ನೀವೇನಾ? ಈಗ ಮೂಗಿನ ನಳಿಗೇಲಿ ಊಟ, ಮಲ್ಕೊಂಡೇ ಸವಾರಿ! ಸಂತೆಗೆ ಹೋಗೋ ಮುದುಕೀರೂ ನಿಮ್ಮನ್ನ ಹಿಂದೆ ಹಾಕ್ತಾರೆ, ತುಳೀರಿ!”

ವ್ಯಾಯಾಮ ಮಾಡಿಸುವ ಯಾನೆತ್ ನಗುತ್ತಲೇ ಗುಂಡಿ ಒತ್ತಿ ಮೋಟಾರು ನಿಲ್ಲಿಸಿದಳು. ಸದ್ದು ನಿಂತಿತು. ಪೆಡಲು ಮಾತ್ರ ನಿಲ್ಲಲಿಲ್ಲ.

ಅವಳು ಬಗ್ಗಿ ನೋಡಿದಳು. ಆ ಬಡಕಲು ಮೀನಖಂಡ ಬಿಗಿಯುತ್ತಿತ್ತು, ಸಡಿಲಾಗುತ್ತಿತ್ತು, ಮತ್ತೆ ಬಿಗಿಯುತ್ತಿತ್ತು. “ಅಮ್ಮಾ, ಈಗ ತುಳೀತಿರೋದು ಅವರೇ,” ಎಂದಳು ಮೆಲ್ಲಗೆ. ಗಂಡನ ಕಾಲು ಮುಟ್ಟಲು ಎದುವೀನಾ ಕೈ ಚಾಚಿದಳು. ಮುಟ್ಟಿದರೆ ಎಲ್ಲಿ ನಿಂತುಬಿಡುವುದೋ ಎಂದು ಆ ಕೈಯನ್ನು ಗಾಳಿಯಲ್ಲೇ ತಡೆದುಕೊಂಡಳು.