ಎಂಟರ ಮೇಲಿನ ಮಾತು

ಸತ್ತವರ ಮನೆಯವರಿಗೆ ಸುದ್ದಿ ಹೇಳುವ ಆಸ್ಪತ್ರೆ ಕೌಂಟರಿನಲ್ಲಿ ನನ್ನ ಕೆಲಸ. ಬೆಳಿಗ್ಗೆ ಡ್ಯೂಟಿಗೆ ಮುಂಚೆ ನಮ್ಮ ಮುಖಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಚುಚ್ಚುತ್ತಾರೆ. ಎದುರಿನವರ ಮುಖವನ್ನು ನಮ್ಮ ಮುಖ ಗೊತ್ತಿಲ್ಲದೆಯೇ ನಕಲು ಮಾಡುತ್ತದಂತೆ, ಅವರ ಮನಸ್ಸು ನಮಗೆ ತಿಳಿಯುವುದೇ ಹಾಗೆ; ನಮ್ಮ ಮುಖ ಅಲುಗದಿದ್ದರೆ ಅವರ ಮುಖದಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. ದಿನಕ್ಕೆ ನಲವತ್ತು ಜನರ ಅಳು ನೋಡಬೇಕಲ್ಲ, ಅದೇ ವಾಸಿ. ಮರಗಟ್ಟಿದ್ದು ಬಿಡುವುದು ರಾತ್ರಿ ಎಂಟಕ್ಕೆ. ಹಾಗಾಗಿ ನಮ್ಮ ಮನೆಯಲ್ಲಿ ಮುಖ್ಯವಾದ ಮಾತೆಲ್ಲ ಎಂಟರ ಮೇಲೆಯೇ. ನನ್ನ ಗಂಡ ಬೋರಲಿಂಗ ಇದನ್ನು ಒಮ್ಮೆಯೂ ತಪ್ಪಿಸಿದವನಲ್ಲ.

ಇವತ್ತು ಆರೂವರೆಗೆ ನಾನಿನ್ನೂ ಚಪ್ಪಲಿ ಬಿಡುತ್ತಿದ್ದೆ. ಆಗಲೇ ಹೇಳಿದ: "ನನ್ನ ಸ್ಕ್ಯಾನಿಂಗ್ ರಿಪೋರ್ಟ್ ಬಂತು ಕಣೇ. ಏನೂ ಇಲ್ವಂತೆ."

ಅವನ ತುಟಿಯ ಎರಡೂ ತುದಿ ಮೇಲೆ ಹೋಗಿದ್ದವು, ಹುಬ್ಬುಗಳು ನಡುವೆ ಕೂಡಿದ್ದವು.

"ಸರಿ ಬಿಡು" ಎಂದು ಕುಕ್ಕರ್ ಇಟ್ಟೆ.

ಎಂಟು ದಾಟಿತು. ತಟ್ಟೆ ತೊಳೆಯುತ್ತಾ, ಕೆನ್ನೆ ಸಡಿಲವಾಯಿತೇ ನೋಡೋಣವೆಂದು ಅವನು ಮಾಡಿದ ಹಾಗೇ ಮುಖ ಮಾಡಿದೆ. ತುಟಿ ಎತ್ತಿ ಹುಬ್ಬು ಕೂಡಿಸಿದೆ. ಕಣ್ಣು ತುಂಬಿತು. ಏನೂ ಇಲ್ಲದವನ ಮುಖ ಅದಲ್ಲ. ಬೇಕೆಂದೇ ಆರೂವರೆಗೆ ಹೇಳಿದ್ದಾನೆ.

ನಡುಮನೆಯಿಂದ ಕೂಗಿದ: "ಇಂಜೆಕ್ಷನ್ ಬಿಡ್ತಾ?"

ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ.

"ಇನ್ನೂ ಇಲ್ಲ" ಎಂದೆ.