ಮೋನಮ್ಮನ ಪಾಳಿ ಚುಕ್ಕಿ

ಎರಡನೆಯ ಗಾಜಿನ ಪ್ಲೇಟೂ ಹಾಳಾಗಿತ್ತು. ನಕ್ಷತ್ರಗಳು ಚುಕ್ಕಿಯಾಗಿ ಮೂಡದೆ ಶಾವಿಗೆ ಎಳೆಯಂತೆ ಉದ್ದಕ್ಕೆ ಎಳೆದುಕೊಂಡಿದ್ದವು. ಶಹಾಪುರದ ಫೋಟೋ ಅಂಗಡಿಯ ಉಸ್ತಾದ ಅಮೀನುದ್ದೀನ ಅದನ್ನು ಬೆಳಕಿಗೆ ಹಿಡಿದು, "ಇನ್ನೊಂದೇ ಪ್ಲೇಟ್ ಅದ, ದೇವಿಂದ್ರಾ. ಅದೂ ಹಿಂಗ ಆತಂದ್ರ ಕ್ಯಾಮೆರಾದ ಮಾತು ಎತ್ತಬ್ಯಾಡ. ಪ್ಲೇಟ್ ತೊಳಕೋತ ಬಿದ್ದಿರು" ಎಂದಿದ್ದ.

ಅದಕ್ಕೇ ಈ ರಾತ್ರಿ ದೇವಿಂದ್ರ ಊರಾಚೆಯ ಜೋಳದ ಹೊಲದ ಬದುವಿನಲ್ಲಿ ಉಸ್ತಾದನ ದುರ್ಬೀನಿನೊಡನೆ ಗುದ್ದಾಡುತ್ತಿದ್ದ. ಅದರ ಬೆನ್ನಿಗೆ ಕ್ಯಾಮೆರಾ ಕಟ್ಟಿತ್ತು. ಚಾವಿ ಕೊಟ್ಟರೆ ಆಕಾಶ ತಿರುಗಿದಂತೆ ಅದೂ ತಿರುಗಬೇಕು. ಹಾಗೆ ತಿರುಗಲು ಅದರ ಅಚ್ಚು ಆಕಾಶದಲ್ಲಿ ಕದಲದೆ ನಿಂತ ಧ್ರುವನನ್ನು ನೆಟ್ಟಗೆ ನೋಡಬೇಕು. ಅಚ್ಚಿನೊಳಗೆ ಕಣ್ಣಿಟ್ಟು ನೋಡುವ ತೂತಿನಲ್ಲಿ ಧ್ರುವನನ್ನು ಕೂಡಿಸಿಯೇ ಎರಡು ಸಲವೂ ಚಿತ್ರ ತೆಗೆದಿದ್ದ. ಮತ್ತೆ ತಪ್ಪಿದ್ದೆಲ್ಲಿ? ಪುಸ್ತಕವಿತ್ತು, ಇಂಗ್ಲಿಷಿನದು. ಉರ್ದು ಪಾಠ ಒಪ್ಪಿಸಲು ಬಾರದೆ ಬೆತ್ತ ತಿಂದು ನಾಲ್ಕನೆಯದಕ್ಕೇ ಶಾಲೆ ಬಿಟ್ಟವನಿಗೆ ಅದನ್ನು ಓದಿ ಹೇಳುವವರು ಯಾರು? ಸಿಟ್ಟಿಗೆ ದುರ್ಬೀನಿನ ಕಬ್ಬಿಣದ ಕಾಲನ್ನು ಒದ್ದ.

"ಅದೇನ ಮಾಡ್ಯಾದಪ್ಪ ನಿನಗ?" ಎತ್ತರದ ಮಂಚಿಗೆಯ ಮೇಲೆ ಕೂತು ಬೆಳೆಗೆ ಹಂದಿ ಬೀಳದಂತೆ ಕಾಯುತ್ತಿದ್ದ ಹೊಲದೊಡತಿ ಮೋನಮ್ಮ ಕೇಳಿದಳು.

"ಧ್ರುವ ಸಿಕ್ಕಾನ, ಚಿತ್ರ ನಿಂದ್ರವಲ್ದು ಯವ್ವಾ." ಉತ್ತರಕ್ಕೆ, ಗುಡ್ಡದ ಬಲಕ್ಕೆ ಕೆಂಪಗೆ ಹೊಳೆಯುತ್ತಿದ್ದ ಚುಕ್ಕಿಯನ್ನು ತೋರಿಸಿದ.

ಮೋನಮ್ಮ ನಕ್ಕಳು. "ಅದು ನನ್ನ ಪಾಳಿ ಚುಕ್ಕಿ. ಅಲ್ಲಿಂದ ಒಂದು ಮಾರು ಮ್ಯಾಲ ಏರಿತಂದ್ರ ನಾ ಇಳೀತೀನಿ, ನಮ್ಮ ಮನಿಯವ್ರು ಹತ್ತತಾರ. ಅದು ನಿಂತ ಬಿಟ್ಟಿದ್ರ ನಾ ಇಲ್ಲೇ ಮುದುಕಿ ಆಗತಿದ್ದೆ."

"ಮತ್ತ ಧ್ರುವ?"

"ಎಡಕ್ಕ ನೋಡು. ಆ ಜಾಲಿ ಟೊಂಗಿ ಸಂದ್ಯಾಗ."

ಅಲ್ಲೊಂದು ಇತ್ತು. ಮಬ್ಬಿನಲ್ಲಿ ಮಸುಕಾಗಿ, ಇನ್ನೇನು ನೆಲಕ್ಕೆ ಬೀಳುವಷ್ಟು ಕೆಳಗೆ.

"ಇಷ್ಟು ತಗ್ಗಿನಾಗ? ನಮ್ಮಕ್ಕನ ಲಗ್ನದಾಗ ಐನೋರು ಎತ್ತರಕ್ಕ ಕೈ ಮಾಡಿ ತೋರಿಸಿದ್ರು."

"ನನಗೂ ತೋರಿಸಿದ್ರು, ಮಟಮಟ ಮಧ್ಯಾಹ್ನದಾಗ. ಕಾಣತದೇನವಾ ಅಂದ್ರು, ಹೂಂ ಅಂದೆ. ಹಸಿವಿ ಆಗಿತ್ತು."

ದೇವಿಂದ್ರ ನಂಬಲಿಲ್ಲ. ಅವಳ ಮಾತು ಸುಳ್ಳು ಮಾಡಲೆಂದೇ ಚಾವಿ ಕೊಡದೆ ತೂತಿಗೆ ಕಣ್ಣಿಟ್ಟು ಕೂತ. ಅರ್ಧ ತಾಸಿನೊಳಗೆ ಕೆಂಪು ಚುಕ್ಕಿ ಮೆಲ್ಲಗೆ ಮೇಲೇರಿ ತೂತಿನಿಂದ ಜಾರಿಹೋಯಿತು. ತುಟಿ ಕಚ್ಚಿಕೊಂಡು ದುರ್ಬೀನನ್ನು ಕಾಲುಸಮೇತ ಎಡಕ್ಕೆ ತಿರುಗಿಸಿದ, ಅಚ್ಚನ್ನು ತಗ್ಗಿಸಿದ. ಮಸುಕು ಚುಕ್ಕಿ ತೂತಿನಲ್ಲಿ ಬಂದು ಕೂತಿತು. ಎಷ್ಟು ಕಾದರೂ ಏಳಲಿಲ್ಲ. ಆಮೇಲೆ ಕ್ಯಾಮೆರಾವನ್ನು ಮೃಗಶಿರೆಯ ಮೂರು ಚುಕ್ಕಿಗಳತ್ತ ತಿರುಗಿಸಿ, ಚಾವಿ ಕೊಟ್ಟು, ಕೊನೆಯ ಪ್ಲೇಟನ್ನು ತೆರೆದ.

ಮರುದಿನ ಉಸ್ತಾದ ಪ್ಲೇಟನ್ನು ಬಹಳ ಹೊತ್ತು ನೋಡಿದ. ಚಿತ್ರ ತೆಗೆಯುವಾಗ ತಾನು ತಲೆಗೆ ಹೊದೆಯುವ ಕ್ಯಾಮೆರಾದ ಕರಿಬಟ್ಟೆಯನ್ನು ತೆಗೆದು ದೇವಿಂದ್ರನ ಹೆಗಲಿಗೆ ಹಾಕಿದ.

ಸಂಜೆ ದೇವಿಂದ್ರ ಪ್ಲೇಟ್ ಹಿಡಿದು ಹೊಲಕ್ಕೆ ಓಡಿದ. ಮೋನಮ್ಮ ಅದನ್ನು ಇಳಿಬಿಸಿಲಿಗೆ ಹಿಡಿದಳು. ಆಕಾಶ ತಿರುವುಮುರುವಾಗಿ ಮೂಡಿತ್ತು: ಬಿಳಿ ಗಾಜಿನ ತುಂಬ ಸಾಸಿವೆಯಂಥ ಕರಿ ಚುಕ್ಕಿಗಳು.

"ಜ್ವಾಳಕ್ಕ ಹುಳ ಬಿದ್ದಂಗ ಅದ," ಅಂದಳು. "ಇದರಾಗ ಧ್ರುವ ಯಾವುದಪ್ಪ?"

"ಅದು ಇದರಾಗ ಬಂದಿಲ್ಲ ಯವ್ವಾ. ಅದನ್ನ ಹಿಡಕೊಂಡ ಇವೆಲ್ಲ ನಿಂತಾವ."

ಮೋನಮ್ಮ ಹೂಂ ಅಂದಳು. ಗಾಜಿನ ಅಂಚಿಗೆ ಹತ್ತಿದ್ದ ತನ್ನ ಬೆರಳಿನ ಗುರುತನ್ನು ಸೆರಗಿನಿಂದ ಒರೆಸಿ, ಪ್ಲೇಟನ್ನು ಅವನ ಕೈಗೆ ಕೊಟ್ಟಳು.