ಬಾಗಿಲಾಚೆಯ ಅಯಸ್ಕಾಂತ

ಮುಟ್ಟಿ ಎಳೆಯುವ ಬಲ, ಮುಟ್ಟದೆ ಎಳೆಯುವ ಬಲ ಎಂದು ಪಾಠ ಓದುತ್ತಿದ್ದ ಮೊಮ್ಮಗಳು ನಿನ್ನೆ ನನ್ನ ಕೈಗೆ ಅಯಸ್ಕಾಂತ ಇಟ್ಟಳು; ಆ ಕಬ್ಬಿಣದ ವಾಸನೆ ನನಗೆ ಹಳೆಯದು.

ನಾನು ಚಿಕ್ಕವಳಿದ್ದಾಗ ಆವರಗೆರೆಯ ಮನೆಯಲ್ಲಿ ಅವ್ವ ತಿಂಗಳಿಗೊಮ್ಮೆ ಹೊರಗಾದಾಗ ಹಿತ್ತಲ ಕೋಣೆಯಲ್ಲಿ ಒಬ್ಬಳೇ ಕೂರುತ್ತಿದ್ದಳು. ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಒಂದು ಮಧ್ಯಾಹ್ನ ನನಗೆ ಜ್ವರ. ಅವ್ವನ ಹತ್ತಿರವೇ ಮಲಗುತ್ತೇನೆಂದು ಹಟ ಹಿಡಿದೆ.

"ಅಕಿನ್ನ ಮುಟ್ಟಿದ್ರೆ ತಲೆ ಮ್ಯಾಲೆ ತಣ್ಣೀರು ಸುರೀತೀನಿ ನೋಡು," ಎಂದಳು ಅಜ್ಜಿ.

ಆ ಕೋಣೆಗೆ ತೆಳು ಹಲಗೆಯ ಬಾಗಿಲಿತ್ತು. ಅಪ್ಪ ಹರಿಹರದ ಕಾರ್ಖಾನೆಯಿಂದ ತಂದಿದ್ದ ಅಯಸ್ಕಾಂತ ಒಳಗೆ ಅವ್ವನ ಹತ್ತಿರವಿತ್ತು. ಅವಳು ಒಳಗಿಂದಲೇ ಹೇಳಿ ನನ್ನಿಂದ ಒಂದು ಸೂಜಿ ತರಿಸಿದಳು.

"ಸೂಜಿನ ಬಾಗಿಲಿಗೆ ಹಿಡಿ, ಮಗಾ. ಈಗ ಬಿಡು."

ಬಿಟ್ಟೆ. ಸೂಜಿ ಬೀಳಲಿಲ್ಲ. ಅವ್ವ ಆಚೆ ಕೈಯಾಡಿಸಿದಂತೆ ಈಚೆ ಸೂಜಿ ಹಲಗೆಯ ಮೇಲೆ ಓಡಿತು. ಅದರ ಮೇಲೆ ಬೆರಳಿಟ್ಟೆ. ನನ್ನ ಬೆರಳನ್ನೂ ಎಳೆದುಕೊಂಡು ಹೋಯಿತು. ಜೋರಾಗಿ ನಕ್ಕೆ.

ಅಜ್ಜಿ ಓಡಿಬಂದಳು. "ಮುಟ್ಟಿದೇನೇ?"

"ಇಲ್ಲಜ್ಜಿ, ಬರೇ ಸೂಜಿ."

ಅಜ್ಜಿ ಸೂಜಿ ಕಿತ್ತುಕೊಂಡು ಅಡುಗೆಮನೆಗೆ ಹೋದಳು. ನಾನು ಬಾಗಿಲಿಗೇ ಒರಗಿ ಕೂತೆ.

ತುಸು ಹೊತ್ತಿಗೆ ಅಜ್ಜಿ ಗೋಣಿಚೀಲ ಹೊಲಿಯುವ ದಬ್ಬಣ ತಂದು ನನ್ನ ಕೈಗಿಟ್ಟಳು.

"ಇದನ್ನ ಎಳೀತೈತೇನು, ಕೇಳು ನಿಮ್ಮವ್ವನ್ನ."